ಕೋಡ್ ಸರಿಯಿತ್ತು, ಲೆಕ್ಕ ತಪ್ಪಿತ್ತು

ಪಾಠ ಮುಗಿದು ಮಕ್ಕಳು ಚಪ್ಪಲಿ ಹುಡುಕುತ್ತಿದ್ದ ಹೊತ್ತು. ಮದ್ರಸದ ಬಾಗಿಲ ಬಳಿ ಒಬ್ಬ ತಾಯಿ ನಿಂತಿದ್ದರು. ಕೈಯಲ್ಲಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮಡಚಿಟ್ಟ ಎಂಟು ರಸೀದಿ. "ಉಸ್ತಾದ್, ನಾನು ಒಂದು ತಿಂಗಳೂ ಬಾಕಿ ಇಟ್ಟಿಲ್ಲ. ಬೋರ್ಡಿನಲ್ಲಿ ನನ್ನ ಹೆಸರು ಹೇಗೆ ಬಂತು?" ಎಂದರು. ಜೋರಾಗಿ ಹೇಳಲಿಲ್ಲ. ಜೋರು ಮಾಡಿದ್ದರೆ ನನಗೂ ಸ್ವಲ್ಪ ಸುಲಭವಾಗುತ್ತಿತ್ತು.

ಇದು ನಮ್ಮ ಚಿತ್ರದುರ್ಗ ಜಿಲ್ಲೆಯದೇ ಒಂದು ಊರಿನಲ್ಲಿ ನಡೆದದ್ದು. ಹಿರಿಯೂರೋ ಹೊಸದುರ್ಗವೋ ಎಂದು ನಾನು ಹೇಳುವುದಿಲ್ಲ, ನೀವೂ ಹುಡುಕುವುದು ಬೇಡ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಾಡಿ ಎರಡು ಮಕ್ಕಳನ್ನು ಓದಿಸುತ್ತಿರುವ ಹೆಂಗಸು. ಮದ್ರಸದ ವಂತಿಗೆ ನಿಮಗೆ ಮಾಫಿ ಎಂದು ಕಮಿಟಿಯವರು ಹೇಳಿ ಕಳಿಸಿದರೂ ಬೇಡ ಎಂದವರು. ತಿಂಗಳಿಗೆ 300 ರೂಪಾಯಿ, ತಪ್ಪದೆ ಕೊಡುತ್ತಾ ಬಂದವರು. ಅಂಥವರ ಹೆಸರು "ಎಂಟು ತಿಂಗಳ ಬಾಕಿ, 2,400" ಎಂದು ನೋಟಿಸ್ ಬೋರ್ಡಿನಲ್ಲಿ ಎರಡು ದಿನ ಇತ್ತು. ಮಗಳಿಗೆ ಜೊತೆಯ ಮಕ್ಕಳು ಹೇಳಿದ ಮೇಲೆ ಗೊತ್ತಾಗಿದೆ.

ರಸೀದಿ ನೋಡಿದೆ. ಎಂಟೂ ಸರಿ ಇವೆ, ವಸೂಲಿಗೆ ಹೋಗುವ ಕಾಕನ ಸಹಿಯೇ ಇದೆ. ಹಾಗಾದರೆ ತಪ್ಪು ಎಲ್ಲಿ? ತಪ್ಪು ಇದ್ದದ್ದು ಕಂಪ್ಯೂಟರಿನಲ್ಲಿ. ಅಲ್ಲ, ಕಂಪ್ಯೂಟರಿನಲ್ಲಿ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಅದಕ್ಕೇ ಇದನ್ನು ಬರೆಯಲು ಕೂತೆ.

ನಮ್ಮ ಜಮಾಅತಿನ ಒಬ್ಬ ಹುಡುಗ ಚಿತ್ರದುರ್ಗದಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದಾನೆ. ಸಣ್ಣವನಿದ್ದಾಗ ನನ್ನ ಹತ್ತಿರವೇ ಅಲಿಫ್ ಬಾ ಕಲಿತವನು. ಉದ್ದದ ರಿಜಿಸ್ಟರಿನಲ್ಲಿ ಮೂರು ತರದ ಕೈಬರಹದಲ್ಲಿದ್ದ ಮದ್ರಸದ ಲೆಕ್ಕ ನೋಡಿ ಅವನಿಗೇ ಬೇಜಾರಾಗಿ, "ಉಸ್ತಾದ್, ಇದಕ್ಕೆ ನಾನೊಂದು ಸಾಫ್ಟ್‌ವೇರ್ ಮಾಡಿ ಕೊಡುತ್ತೇನೆ, ಕಾಸು ಬೇಡ" ಎಂದ. ಮಾಡಿಯೂ ಕೊಟ್ಟ. 140 ಮನೆಯ ಹೆಸರು, ಮಕ್ಕಳ ಹೆಸರು, ತಿಂಗಳ ವಂತಿಗೆ. ಸಂಜೆ ಕೂತು ರಸೀದಿ ನೋಡಿ ಫೋನಿನಲ್ಲಿ ಒತ್ತಿದರೆ ಆಯಿತು, ಬಾಕಿ ಪಟ್ಟಿ ಅದೇ ತೆಗೆಯುತ್ತದೆ.

ಹುಡುಗ ಬೇಜವಾಬ್ದಾರಿಯವನಲ್ಲ. ಕೊಡುವ ಮುಂಚೆ ತನ್ನ ಕೋಡನ್ನು ಒಂದು ಎಐ ಸಹಾಯಕನಿಗೆ ತೋರಿಸಿದ್ದ. ಯಾವುದು ಎಂಬ ಹೆಸರು ಬೇಡ, ನಿಮ್ಮ ಮಕ್ಕಳ ಫೋನಿನಲ್ಲಿ ಇರುವಂಥದ್ದೇ. "ಈ ಕೋಡಿನ ಗುಣಮಟ್ಟ ನೋಡು, ತಪ್ಪಿದ್ದರೆ ಹೇಳು" ಎಂದು ಕೇಳಿದನಂತೆ. ಅದು 23 ತಪ್ಪು ಹೇಳಿತು. ಒಂದೊಂದನ್ನೂ ಸರಿ ಮಾಡಿ ಮತ್ತೆ ತೋರಿಸಿದ. ಈಗ ಚೆನ್ನಾಗಿದೆ, ಬಳಕೆಗೆ ಸಿದ್ಧ ಎಂದು ಹೇಳಿತಂತೆ. ಆ ಮಾತನ್ನು ಅವನು ನನಗೂ ತೋರಿಸಿದ್ದ. ನಾನು ಪಿಯುಸಿ ಓದಿದವನು, ಕೋಡಿಂಗ್ ಎಂದರೆ ಏನೆಂದು ಗೊತ್ತಿಲ್ಲ. ಅಷ್ಟು ದೊಡ್ಡ ಯಂತ್ರ ಸರಿ ಎಂದ ಮೇಲೆ ನಾನೇನು ಹೇಳುವುದು, ಮಾಶಾ ಅಲ್ಲಾಹ್ ಎಂದೆ.

ಆ 23ರಲ್ಲಿ ಒಳ್ಳೆಯ ಮಾತುಗಳೂ ಇದ್ದವು ಎಂದು ಈಗ ಹೇಳಬೇಕು. ಪಾಸ್‌ವರ್ಡನ್ನು ಹುಡುಗ ಕೋಡಿನ ಒಳಗೇ ಬರೆದಿಟ್ಟಿದ್ದ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತು ಹಾಕಿದ ಹಾಗೆ. ಹೆಸರು ಬರೆಯುವ ಜಾಗದಲ್ಲಿ ಯಾರಾದರೂ ಹೆಸರಿನ ಬದಲು ಕಂಪ್ಯೂಟರಿಗೆ ಅರ್ಥವಾಗುವ ಆಜ್ಞೆಯನ್ನೇ ಬರೆದರೆ, ಇಡೀ ಪಟ್ಟಿ ಅಳಿಸಿ ಹೋಗುವಂತಿತ್ತು. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರಂತೆ, ಬಹಳ ಹಳೆಯ ಕಳ್ಳದಾರಿ. ಮಧ್ಯದಲ್ಲಿ ನೆಟ್ ಹೋದರೆ ಒತ್ತಿದ ಲೆಕ್ಕ ಸದ್ದಿಲ್ಲದೆ ಮಾಯವಾಗುತ್ತಿತ್ತು. ಇವು ಮೂರನ್ನೂ ಯಂತ್ರವೇ ಹಿಡಿದು ಕೊಟ್ಟಿತು. ಕಾಲೇಜಿನ ಮೇಷ್ಟ್ರು 60 ಮಕ್ಕಳ ಪ್ರಾಜೆಕ್ಟ್ ನೋಡಬೇಕು, ಸಾಲುಸಾಲಾಗಿ ಓದಲು ಅವರಿಗೆ ಎಲ್ಲಿ ಪುರುಸೊತ್ತು? ಹಾಗಾಗಿ ಇದನ್ನು ಬಳಸುವುದೇ ಬೇಡ ಎನ್ನುವವರ ಜೊತೆ ನಾನಿಲ್ಲ.

ಬರೆದದ್ದನ್ನು ಇನ್ನೊಬ್ಬ ಓದಿ ನೋಡಬೇಕು ಎನ್ನುವುದು ಈ ಕೆಲಸದಲ್ಲಿ ಹೊಸತಲ್ಲ. ಐಬಿಎಂ ಕಂಪೆನಿಯ ಮೈಕೆಲ್ ಫೇಗನ್ ಎನ್ನುವವರು 1976ರಲ್ಲೇ ಇದಕ್ಕೊಂದು ಕ್ರಮ ಮಾಡಿ ಪ್ರಕಟಿಸಿದ್ದರು. ನಾಲ್ಕೈದು ಜನ ಕೂತು, ಒಬ್ಬ ಬರೆದ ಕೋಡನ್ನು ಸಾಲುಸಾಲಾಗಿ ಓದಿ ತಪ್ಪು ಗುರುತು ಹಾಕುವುದು. ಅದಾದ ಸ್ವಲ್ಪ ಕಾಲದಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ 'ಲಿಂಟ್' ಎಂಬ ಪ್ರೋಗ್ರಾಂ ಬರೆದರು. ಬಟ್ಟೆಗೆ ಅಂಟಿದ ನೂಲಿನ ಚೂರನ್ನು ಲಿಂಟ್ ಎನ್ನುತ್ತಾರಲ್ಲ, ಅದನ್ನು ಹೆಕ್ಕಿ ತೆಗೆದಂತೆ ಕೋಡಿನ ಸಣ್ಣ ತಪ್ಪುಗಳನ್ನು ಹೆಕ್ಕುವ ಯಂತ್ರ. ಅಂದರೆ ಮನುಷ್ಯನೂ ಓದುತ್ತಿದ್ದ, ಯಂತ್ರವೂ ಓದುತ್ತಿತ್ತು. ಹಿಫ್ಝ್ ಓದುವ ಮಕ್ಕಳನ್ನು ನೋಡಿದವರಿಗೆ ಇದರ ಕಾರಣ ಹೇಳಬೇಕಿಲ್ಲ. ತನ್ನ ತಪ್ಪು ತನಗೇ ಕೇಳಿಸುವುದಿಲ್ಲ. ಮನಸ್ಸು ತಾನು ಅಂದುಕೊಂಡದ್ದನ್ನೇ ಕೇಳಿಸಿಕೊಳ್ಳುತ್ತದೆ. ಪಕ್ಕದ ಹುಡುಗನಿಗೆ ಒಪ್ಪಿಸಿದಾಗಲೇ ಅವನು ಬೆರಳು ಎತ್ತುವುದು.

ಈಗ ಬಂದಿರುವುದು ಮೂರನೆಯ ಓದುಗ. ಗಿಟ್‌ಹಬ್ ಕೊಪೈಲಟ್ 2021ರಲ್ಲಿ ಪರೀಕ್ಷೆಗೆ ಬಂದು 2022ರ ಜೂನ್‌ನಲ್ಲಿ ಎಲ್ಲರಿಗೂ ಸಿಕ್ಕಿತು. ಅದೇ ವರ್ಷ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಆಮೇಲೆ ಜೆಮಿನಿ, ಕ್ಲಾಡ್. ಹಳೆಯ ಲಿಂಟ್‌ಗೆ ಯಾರೋ ಬರೆದಿಟ್ಟ ನಿಯಮ ಮಾತ್ರ ಗೊತ್ತು. ಇವು ಹಾಗಲ್ಲ, ಕೋಟಿಗಟ್ಟಲೆ ಸಾಲು ಕೋಡ್ ಓದಿ ಬಂದಂಥವು, ಮನುಷ್ಯರ ಹಾಗೆ ಮಾತಾಡುತ್ತವೆ, ಕಾರಣವನ್ನೂ ಹೇಳುತ್ತವೆ. ಅಪಾಯವೂ ಅಲ್ಲೇ ಇರುವುದು. ಲಿಂಟ್ ಹೇಳಿದ್ದನ್ನು ಯಾರೂ ಹಿರಿಯರ ಮಾತು ಎಂದು ತೆಗೆದುಕೊಳ್ಳುತ್ತಿರಲಿಲ್ಲ.

ನಮ್ಮ ಮದ್ರಸದ ಲೆಕ್ಕಕ್ಕೆ ವಾಪಸ್ ಬರುತ್ತೇನೆ. ಅಲ್ಲಿ ಆದದ್ದು ಒಂದಲ್ಲ, ಎರಡು ತಪ್ಪು.

ಮೊದಲನೆಯದು ನಗು ಬರುವಂಥದ್ದು. ನಮ್ಮ ಮದ್ರಸದ ವರ್ಷ ಶವ್ವಾಲಿನಿಂದ ಶಅಬಾನಿನವರೆಗೆ ಎಂದು ನಿಮಗೆ ಗೊತ್ತೇ ಇದೆ. ರಮಝಾನ್ ರಜೆ, ನಮ್ಮಲ್ಲಿ ಆ ತಿಂಗಳಿಗೆ ವಂತಿಗೆಯೂ ಇಲ್ಲ. ಹುಡುಗ ಸರಿಯಾಗಿಯೇ ಬರೆದಿದ್ದ: ಒಂಬತ್ತನೆಯ ತಿಂಗಳು ಬಿಡು, ಉಳಿದ 11ಕ್ಕೆ ಲೆಕ್ಕ ಹಾಕು, ಒಟ್ಟು 3,300. ಯಂತ್ರಕ್ಕೆ ಅದು ತಪ್ಪಾಗಿ ಕಂಡಿತು. 12 ತಿಂಗಳಲ್ಲಿ ಒಂದನ್ನು ಕೈಬಿಟ್ಟಿದ್ದೀರಿ, ಮರೆತಿರಬೇಕು ಎಂದಿತು. ಮಗ್ರಿಬ್ ನಂತರ ಅವಸರದಲ್ಲಿದ್ದ ಹುಡುಗ ಒಪ್ಪಿಗೆ ಒತ್ತಿಬಿಟ್ಟ. ಶವ್ವಾಲಿನ ಮೊದಲ ವಾರವೇ 140 ಮನೆಯ ಕಾರ್ಡಿನಲ್ಲೂ 3,600 ಬಂತು. ಅದೇ ಜುಮಾ ದಿನ ಹತ್ತು ಜನ ಕಾರ್ಯದರ್ಶಿಯನ್ನು ಹಿಡಿದು ಕೇಳಿದರು. ಸಂಜೆಯೊಳಗೆ ಸರಿಯಾಯಿತು.

ಎರಡನೆಯದು ಆ ತಾಯಿಯದು. ಅವರು ಇರುವುದು ಅಣ್ಣನ ಮನೆಯ ಹಿಂದಿನ ಎರಡು ಕೋಣೆಯಲ್ಲಿ. ಒಲೆ ಬೇರೆ, ಲೆಕ್ಕ ಬೇರೆ, ಆದರೆ ರಿಜಿಸ್ಟರಿನಲ್ಲಿ ಎರಡು ಮನೆಗೂ ಅಣ್ಣನ ಮೊಬೈಲ್ ನಂಬರೇ. ಹುಡುಗ ಮನೆಯನ್ನು ಗುರುತಿಸಲು ಇಟ್ಟುಕೊಂಡದ್ದು ಫೋನ್ ನಂಬರು. ನಂಬರ್ ಒತ್ತಿದರೆ ಪ್ರೋಗ್ರಾಂ ಪಟ್ಟಿಯಲ್ಲಿ ಆ ನಂಬರಿನ ಮೊದಲ ಮನೆ ಹುಡುಕಿ ಅಲ್ಲಿಗೆ ಹಣ ಜಮಾ ಮಾಡುತ್ತದೆ. ಮೊದಲ ಮನೆ ಅಣ್ಣನದು. ಎಂಟು ತಿಂಗಳು ತಂಗಿ ಕೊಟ್ಟ 300 ಅಣ್ಣನ ಲೆಕ್ಕಕ್ಕೆ ಹೋಯಿತು. ಅವರ ಕಾರ್ಡಿನಲ್ಲಿ 2,400 ಮುಂಗಡ ಎಂದು ಇತ್ತು. ಬಾಕಿ ಇದೆ ಎಂದರೆ ಎಲ್ಲರೂ ಬರುತ್ತಾರೆ, ಮುಂಗಡ ಇದೆ ಎಂದರೆ ಯಾರು ಕೇಳಲು ಬರುತ್ತಾರೆ?

ನನಗೆ ಮನಸ್ಸಿಗೆ ಹತ್ತಿದ್ದು ಇದೇ. 140 ಮನೆಗೂ ತಟ್ಟಿದ ತಪ್ಪು ಒಂದು ವಾರದಲ್ಲಿ ಸರಿಯಾಯಿತು. ಒಂದು ಮನೆಗೆ, ಅದೂ ಮಾತಾಡದ ಮನೆಗೆ ತಟ್ಟಿದ ತಪ್ಪು ಎಂಟು ತಿಂಗಳು ಹಾಗೇ ಇತ್ತು. ಬೋರ್ಡಿಗೆ ಹಾಕುವ ಮುಂಚೆ ಒಮ್ಮೆ ರಸೀದಿ ಪುಸ್ತಕ ತೆಗೆದು ನೋಡಬೇಕಿತ್ತು. ನೋಡಬೇಕಿದ್ದವರಲ್ಲಿ ನಾನೂ ಒಬ್ಬ.

ಹುಡುಗನನ್ನು ಕರೆದಾಗ ಅವನ ಮುಖ ಸಣ್ಣದಾಯಿತು. "ಉಸ್ತಾದ್, ಕೋಡಿನಲ್ಲಿ ತಪ್ಪಿಲ್ಲ, ಎಐ ಕೂಡ ನೋಡಿದೆ" ಎಂದ. ಅವನು ಸುಳ್ಳು ಹೇಳಲಿಲ್ಲ. ಕೋಡ್ ಏನು ಮಾಡಬೇಕು ಎಂದು ಬರೆದಿತ್ತೋ ಅದನ್ನೇ ಮಾಡಿದೆ. ಒಂದು ಫೋನಿಗೆ ಒಂದು ಮನೆ ಎಂದು ಅವನು ಅಂದುಕೊಂಡದ್ದು ಮಾತ್ರ ನಮ್ಮ ಊರಿನ ಮಟ್ಟಿಗೆ ನಿಜವಲ್ಲ. ಕೋಡಿನ ಯಾವ ಸಾಲಿನಲ್ಲೂ ಆ ಅಣ್ಣ ತಂಗಿ ಇಲ್ಲ. ಇಲ್ಲದ್ದನ್ನು ಯಂತ್ರ ಓದುವುದು ಹೇಗೆ?

ಇಂಥ ತಪ್ಪು ದೊಡ್ಡವರಿಗೂ ಆಗಿದೆ. 1996ರ ಜೂನ್ 4ರಂದು ಯುರೋಪಿನವರು ಏರಿಯಾನ್ 5 ಎಂಬ ಹೊಸ ರಾಕೆಟ್ ಹಾರಿಸಿದರು. 40 ಸೆಕೆಂಡ್ ಆಗುವುದರೊಳಗೆ ದಾರಿ ತಪ್ಪಿ ಆಕಾಶದಲ್ಲೇ ಚೂರಾಯಿತು. ಹಳೆಯ ಏರಿಯಾನ್ 4ರಲ್ಲಿ ಸರಿಯಾಗಿ ಕೆಲಸ ಮಾಡಿದ್ದ ಸಾಫ್ಟ್‌ವೇರ್ ತುಂಡನ್ನೇ ಹೊಸದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಹೆಚ್ಚು. 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿನ ಜಾಗಕ್ಕೆ ತುಂಬಲು ಹೋಗಿ ಹಿಡಿಸಲಿಲ್ಲ. ಆ ಜಾಗದಲ್ಲಿ ಹಿಡಿಸುವುದು 32,767ರವರೆಗೆ ಮಾತ್ರ. ಕಾಲು ಸೇರಿನ ಪಾವಿಗೆ ಮೂಟೆ ಸುರಿದ ಹಾಗೆ. ಆ ಸಾಲು ಬರೆದಾಗ ತಪ್ಪಿರಲಿಲ್ಲ. ಅದರ ಸುತ್ತಲಿನ ಲೋಕ ಬದಲಾಗಿತ್ತು.

ರಾಕೆಟ್ಟಿನ ಮಾತು ದೂರದ್ದೆಂದು ಅನಿಸಿದರೆ ನಮ್ಮ ಚಳ್ಳಕೆರೆಯನ್ನೇ ನೋಡಿ. 2023ರ ಏಪ್ರಿಲ್ 2ರ ಬೆಳಿಗ್ಗೆ ಅಲ್ಲಿನ ಡಿಆರ್‌ಡಿಓ ಪರೀಕ್ಷಾ ವಲಯದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಪೈಲಟ್ ಇಲ್ಲ, ಕೆಳಗಿನಿಂದ ನಡೆಸುವವರೂ ಇಲ್ಲ. ತಾನೇ ದಾರಿ ನೋಡಿಕೊಂಡು ರನ್‌ವೇಗೆ ಬಂದು ಇಳಿಯಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ ನೋಡಿ. 2024ರ ಮಾರ್ಚ್ 22ಕ್ಕೆ ಮತ್ತೊಮ್ಮೆ, ಜೂನ್ 23ಕ್ಕೆ ಮೂರನೆಯ ಸಲ. ಮೂರನೆಯ ಸಲ ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟು, ಗಾಳಿಯೂ ಜೋರಿರುವಾಗ ಇಳಿಸಿ ನೋಡಿದರು. ಸುಲಭದಲ್ಲಿ ಇಳಿದದ್ದನ್ನು ಕಷ್ಟದಲ್ಲೂ ಇಳಿಯುತ್ತದೆಯೇ ಎಂದು ಪರೀಕ್ಷಿಸುವುದು. ನಮ್ಮ ಹುಡುಗ ಸುಲಭದ ಮನೆಗಳನ್ನು ಮಾತ್ರ ಹಾಕಿ ನೋಡಿದ್ದ: ಒಂದು ಮನೆ, ಒಂದು ಫೋನ್, ಒಂದು ಅಪ್ಪ.

ಹಿರಿಯೂರಿನವರಿಗೆ ಹೇಳುವುದಾದರೆ ಇದು ವಾಣಿವಿಲಾಸ ಸಾಗರದ ಕೋಡಿಯ ಹಾಗೆ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಬಿಟ್ಟು. ಅಷ್ಟು ವರ್ಷ ನೀರು ಬಾರದ ದಾರಿ. ಪ್ರತಿಯೊಂದು ಪ್ರೋಗ್ರಾಮಿನಲ್ಲೂ ಇಂಥ ದಾರಿಗಳಿರುತ್ತವೆ: ವರ್ಷ ತಿರುಗಿದಾಗ, ಒಂದೇ ಹೆಸರಿನ ಇಬ್ಬರು ಬಂದಾಗ, ಕೊಟ್ಟ ಹಣ ವಾಪಸ್ ಮಾಡಬೇಕಾದಾಗ. ದಿನವೂ ಓಡುವ ಸಾಲುಗಳನ್ನು ಬಳಸುವವರೇ ಪರೀಕ್ಷೆ ಮಾಡುತ್ತಿರುತ್ತಾರೆ. ನೀರು ಬಾರದ ದಾರಿಯನ್ನು ಯಾರೂ ನೋಡುವುದಿಲ್ಲ.

ಆ ರಾತ್ರಿ ಇಶಾ ಆದ ಮೇಲೆ ಹುಡುಗನೂ ನಾನೂ ಮದ್ರಸದ ಬೆಂಚಿನ ಮೇಲೆ ಕೂತೆವು. ಹಳೆಯ ಪ್ರಶ್ನೆ ಬೇಡ ಎಂದೆ. ಗುಣಮಟ್ಟ ನೋಡು ಎಂದರೆ ಅದು ನೋಡುವುದು ಬರವಣಿಗೆಯನ್ನು, ನಮ್ಮ ಮನೆಗಳನ್ನಲ್ಲ. ಮೊದಲು ಅದಕ್ಕೆ ನಮ್ಮ ವಿಷಯ ಹೇಳು ಎಂದೆ. ಅವನು ಬರೆದ: ಇಲ್ಲಿ ಎರಡು ಮನೆಗೆ ಒಂದೇ ಫೋನ್ ಇರಬಹುದು. ಕೆಲವರಿಗೆ ಫೋನೇ ಇಲ್ಲ. ಗಲ್ಫಿನಲ್ಲಿರುವವರು ಆರು ತಿಂಗಳದ್ದು ಒಟ್ಟಿಗೆ ಕಳಿಸುತ್ತಾರೆ. ರಮಝಾನಿಗೆ ವಂತಿಗೆ ಇಲ್ಲ, ಅದು ತಪ್ಪಲ್ಲ. ಒಂದೇ ಹೆಸರಿನವರು ಏಳು ಜನ ಇದ್ದಾರೆ. ಆಮೇಲೆ ಪ್ರಶ್ನೆ: ಒಬ್ಬರ ಹಣ ಇನ್ನೊಬ್ಬರ ಲೆಕ್ಕಕ್ಕೆ ಹೋಗುವಂಥ ಸಂದರ್ಭ ಯಾವುದು, ಉದಾಹರಣೆ ಕೊಟ್ಟು ತೋರಿಸು.

ಅರ್ಧ ನಿಮಿಷ ಆಗಲಿಲ್ಲ. ಮೊದಲ ಸಾಲಿನಲ್ಲೇ ಫೋನ್ ನಂಬರಿನ ಜಾಗ ತೋರಿಸಿತು. ಮನೆಗೊಂದು ಬೇರೆ ಸಂಖ್ಯೆ ಕೊಡಿ, ಫೋನನ್ನು ಬರೀ ವಿವರ ಎಂದು ಇಟ್ಟುಕೊಳ್ಳಿ ಎಂದಿತು. ಅದೇ ಯಂತ್ರ, ಅದೇ ಕೋಡ್. ಇನ್ನೆರಡು ತಪ್ಪೂ ಸಿಕ್ಕಿತು. ಇಬ್ಬರು ಒಂದೇ ಹೊತ್ತಿಗೆ ಲೆಕ್ಕ ಒತ್ತಿದರೆ ಇಬ್ಬರಿಗೂ ಒಂದೇ ರಸೀದಿ ನಂಬರ್ ಬರುತ್ತಿತ್ತು.

ಇನ್ನೊಂದು ಕನ್ನಡದ್ದು, ನನಗೆ ಬಹಳ ಆಶ್ಚರ್ಯವಾಯಿತು. 'ಮೊಹಮ್ಮದ್' ಎಂದು ಬರೆಯುವಾಗ ಆ 'ಮೊ'ದ ಒತ್ವವನ್ನು ಕಂಪ್ಯೂಟರ್ ಒಂದೇ ಗುರುತಾಗಿಯೂ ಇಟ್ಟುಕೊಳ್ಳಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಗುರುತು ಸೇರಿಸಿಯೂ ಇಟ್ಟುಕೊಳ್ಳಬಹುದು. ಯೂನಿಕೋಡಿನಲ್ಲಿ ಎರಡಕ್ಕೂ ಅವಕಾಶವಿದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಪ್ರೋಗ್ರಾಮಿಗೆ ಅವು ಇಬ್ಬರು ಬೇರೆ ಬೇರೆ ಮೊಹಮ್ಮದ್! ಹೋಲಿಸಿ ನೋಡುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು, ಅದಕ್ಕೆ ಒಂದೇ ಸಾಲಿನ ಪರಿಹಾರವಿದೆ. ಮೊಹಮ್ಮದ್, ಮುಹಮ್ಮದ್, ಮಹಮ್ಮದ್ ಎಂದು ನಾವೇ ಮೂರು ತರ ಬರೆಯುತ್ತೇವಲ್ಲ, ಅದಕ್ಕೆ ಮಾತ್ರ ಯಾವ ಯಂತ್ರದಲ್ಲೂ ಮದ್ದಿಲ್ಲ.

ಈ ಸಹಾಯಕರಿಗೆ ಇನ್ನೊಂದು ಗುಣವಿದೆ, ಮನೆಯಲ್ಲಿ ಮಕ್ಕಳಿರುವವರು ತಿಳಿದಿರಬೇಕು. ಕೇಳುವವನಿಗೆ ಖುಷಿಯಾಗುವಂತೆ ಮಾತಾಡುವ ಚಟ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ರೂಪ ಬಂದಾಗ ಅದು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೊಗಳುತ್ತಿದೆ ಎಂದು ಜನ ಬೈದು, ಕೆಲವೇ ದಿನದಲ್ಲಿ ಕಂಪೆನಿಯೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. "ನಾನು ಬರೆದ ಕೋಡ್ ಚೆನ್ನಾಗಿದೆಯಾ?" ಎಂದು ಕೇಳಿದರೆ ಚೆನ್ನಾಗಿದೆ ಎನ್ನುವ ಕಡೆಗೇ ಅದರ ವಾಲು. ನಮ್ಮ ಹುಡುಗ ಈಗ ಕೇಳುವುದು ಬೇರೆ ತರ: "ಇದು ಯಾರೋ ಬರೆದದ್ದು, ನಾಳೆ ಇದರಿಂದ ಒಂದು ದೂರು ಬರುತ್ತದೆ, ಯಾವ ದೂರು?" ಅದೂ ಹೊಸದಾಗಿ ಶುರು ಮಾಡಿದ ಮಾತುಕತೆಯಲ್ಲಿ, ಹಳೆಯ ಹೊಗಳಿಕೆ ಅದಕ್ಕೆ ನೆನಪಿರದ ಹಾಗೆ.

ತಪ್ಪು ಇದೆ ಎಂದು ಹೇಳಿದರೂ ನಂಬಬೇಕಿಲ್ಲ, ರಮಝಾನಿನ ವಿಷಯದಲ್ಲಿ ನೋಡಿದೆವಲ್ಲ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬವರು 'ಕರ್ಲ್' ಎಂಬ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಫೋನು, ಕಾರು, ಟಿವಿ ಎಂದು ಲೋಕದ ಅಸಂಖ್ಯ ಯಂತ್ರಗಳೊಳಗೆ ಅದು ಸದ್ದಿಲ್ಲದೆ ಇದೆ. ಅದರಲ್ಲಿ ಭದ್ರತೆಯ ತಪ್ಪು ಹುಡುಕಿ ಕೊಟ್ಟವರಿಗೆ ಹಣ ಕೊಡುವ ಪದ್ಧತಿ ಇತ್ತು. ಜನ ಎಐಗೆ ಕೋಡ್ ತೋರಿಸಿ, ಅದು ಹೇಳಿದ ಇಲ್ಲದ ತಪ್ಪುಗಳನ್ನೆಲ್ಲ ಉದ್ದದ ವರದಿ ಮಾಡಿ ಕಳಿಸಲು ಶುರು ಮಾಡಿದರು. ಓದಿ ಓದಿ ಸುಸ್ತಾಗಿ 2026ರ ಜನವರಿಯ ಕೊನೆಗೆ ಆ ಬಹುಮಾನವನ್ನೇ ನಿಲ್ಲಿಸಿದರು. ಆದರೆ ಇದೇ ಸ್ಟೆನ್‌ಬರ್ಗ್ 2025ರಲ್ಲಿ ಒಬ್ಬ ಜಾಣ ಸಂಶೋಧಕ ಎಐ ಸಾಧನಗಳಿಂದ ಹುಡುಕಿ ಕಳಿಸಿದ ಪಟ್ಟಿಯನ್ನು ಮೆಚ್ಚಿ, ಅದರಿಂದ ಹತ್ತಾರು ತಪ್ಪು ತಿದ್ದಿಕೊಂಡದ್ದೂ ಇದೆ. ಒಬ್ಬ ತಾನು ಕಳಿಸುವುದನ್ನು ತಾನೇ ಮೊದಲು ಪರೀಕ್ಷಿಸಿದ. ಉಳಿದವರು ಯಂತ್ರ ಉಗಿದದ್ದನ್ನು ಹಾಗೇ ಬಳಿದು ಕಳಿಸಿದರು.

ಕನ್ನಡದವರಿಗೆ ಈ ಪಾಠ ನೆನಪಿರಬೇಕು. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕನ್ನಡದಲ್ಲಿ ಸಂತಾಪ ಬರೆದರೆ, ಮೆಟಾದ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತರುವಾಗ ಮುಖ್ಯಮಂತ್ರಿಗಳೇ ತೀರಿಕೊಂಡರು ಎಂಬಂತೆ ಬರೆದುಬಿಟ್ಟಿತು. ಅವರು ಕಂಪೆನಿಗೆ ದೂರು ಕೊಟ್ಟರು, ಕಂಪೆನಿ ಕ್ಷಮೆ ಕೇಳಿ ಸರಿ ಮಾಡಿತು. ಮುಖ್ಯಮಂತ್ರಿ ದೂರು ಕೊಟ್ಟರೆ ಮೆಟಾ ಕೇಳುತ್ತದೆ. ಎರಡು ಕೋಣೆಯ ಮನೆಯ ತಾಯಿ ಯಾರಿಗೆ ದೂರು ಕೊಡಬೇಕು?

ಸಮಯ ಉಳಿಯುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಅಮೆರಿಕದ ಮೆಟರ್ ಎಂಬ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಸ್ಥರಿಗೆ 246 ಕೆಲಸ ಕೊಟ್ಟು ಅಳೆದು ನೋಡಿತು. ಎಐ ಬಳಸಿದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಅವರನ್ನೇ ಕೇಳಿದರೆ ಶೇ. 20ರಷ್ಟು ಬೇಗ ಮುಗಿಸಿದೆವು ಎಂದು ಅಂದುಕೊಂಡಿದ್ದರು! ಅದು 2025ರ ಆರಂಭದ ಸಾಧನಗಳ ಮಾತು, ಈಗಿನವು ಇನ್ನೂ ಚುರುಕು. ಆದರೂ ನನಗೆ ತೂಕ ಕಂಡದ್ದು ಆ ಅಂದುಕೊಳ್ಳುವಿಕೆಯಲ್ಲಿ. ಕೆಲಸ ಗೊತ್ತಿದ್ದವರಿಗೇ ಹಾಗಾದರೆ ಕಲಿಯುವ ಹುಡುಗರ ಪಾಡೇನು?

ಇದನ್ನು ತಂದೆತಾಯಂದಿರಿಗೆ ಹೇಳಬೇಕು. ಘಟ್ಟ ಹತ್ತಿ ಬಂದು ಅಂಗಡಿ, ಬೇಕರಿ, ಹೋಟೆಲ್ ಎಂದು ಬೆಳಗಿನ ನಾಲ್ಕಕ್ಕೆ ಎದ್ದು ದುಡಿದ ನಮ್ಮವರ ಮಕ್ಕಳು ಈಗ ಬಿಸಿಎ, ಇಂಜಿನಿಯರಿಂಗ್ ಓದುತ್ತಿದ್ದಾರೆ. ಸಂತೋಷ. ಮಗ ಎಐ ಬಳಸುತ್ತಾನೆ ಎಂದು ಬೈಯಬೇಡಿ, ಬಳಸಲು ಬಾರದಿದ್ದರೆ ಬೆಂಗಳೂರಿನಲ್ಲಿ ಕೆಲಸ ಕೊಡುವವರಿಲ್ಲ. ಆದರೆ ಅವನು ಮಾಡಿದ್ದನ್ನು ನಿಮಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಲು ಹೇಳಿ. "ಬಾಪ, ಅದು ನಿಮಗೆ ಗೊತ್ತಾಗುವುದಿಲ್ಲ" ಎಂದರೆ ಬಿಡಬೇಡಿ. ಈ ಸಾಲು ಯಾಕೆ, ಇದನ್ನು ತೆಗೆದರೆ ಏನಾಗುತ್ತದೆ ಎಂದು ಸಂದರ್ಶನದಲ್ಲೂ ಕೇಳುತ್ತಾರೆ. ಯಂತ್ರ ಬರೆದು, ಯಂತ್ರವೇ ಪರೀಕ್ಷಿಸಿ, ಹುಡುಗ ನಡುವೆ ಒಪ್ಪಿಗೆ ಒತ್ತಿದ್ದು ಮಾತ್ರವಾದರೆ ಅಲ್ಲಿ ಬಾಯಿ ಒಣಗುತ್ತದೆ.

ಇನ್ನೊಂದು ಎಚ್ಚರಿಕೆ, ಇದು ಮಸೀದಿ, ಮದ್ರಸ ಕಮಿಟಿಗಳಿಗೆ. ಪರೀಕ್ಷೆಗೆಂದು ಎಐಗೆ ಕೋಡ್ ಕೊಡುವಾಗ ಅದರ ಜೊತೆ ಮನೆಯವರ ಹೆಸರು, ಫೋನು, ಯಾರಿಗೆ ಝಕಾತ್ ಕೊಟ್ಟೆವು ಎಂಬ ಪಟ್ಟಿ ಹೋಗಬಾರದು. 2023ರಲ್ಲಿ ಸ್ಯಾಮ್‌ಸಂಗ್‌ನಂಥ ಕಂಪೆನಿಯ ನೌಕರರೇ ಒಳಗಿನ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿ, ಕಂಪೆನಿ ಅದರ ಬಳಕೆಯನ್ನೇ ನಿಲ್ಲಿಸಬೇಕಾಯಿತು. ನಮ್ಮ ದೇಶದಲ್ಲೂ ಅದೇ ವರ್ಷ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆ ಆಗಿದೆ. ಕಾಯ್ದೆ ಇಲ್ಲದಿದ್ದರೂ ಬಡವರ ಹೆಸರು ಅಮಾನತ್ತು. ಸುಳ್ಳು ಹೆಸರು, ಸುಳ್ಳು ನಂಬರ್ ಹಾಕಿದ ಹತ್ತು ಸಾಲಿನ ಪಟ್ಟಿ ಮಾಡಿಕೊಂಡರೆ ಪರೀಕ್ಷೆಗೆ ಧಾರಾಳ ಸಾಕು. ಆ ಹತ್ತರಲ್ಲಿ ಒಂದು ಫೋನಿನ ಎರಡು ಮನೆ ಇರಲಿ, ಫೋನಿಲ್ಲದ ಮನೆ ಇರಲಿ, ವಿಧವೆಯ ಮನೆ ಇರಲಿ.

ನಾವು ಈಗ ಮಾಡಿಕೊಂಡ ಕ್ರಮ ದೊಡ್ಡದೇನಲ್ಲ. ಎಐ ಹೇಳಿದ ಪ್ರತಿ ತಪ್ಪಿಗೂ ಹುಡುಗ ಒಂದು ಉದಾಹರಣೆ ಓಡಿಸಿ ತೋರಿಸಬೇಕು, ಅದು ತೋರಿಸಲಾಗದಿದ್ದರೆ ತಿದ್ದುವುದಿಲ್ಲ. ತಿಂಗಳ ಕೊನೆಗೆ ಯಾವುದಾದರೂ ಹತ್ತು ಮನೆಯ ಲೆಕ್ಕವನ್ನು ರಸೀದಿ ಪುಸ್ತಕದ ಜೊತೆ ಕಾರ್ಯದರ್ಶಿ ಮತ್ತು ನಾನು ಕೈಯಲ್ಲಿ ತಾಳೆ ನೋಡುತ್ತೇವೆ. ಬಾಕಿ ಮಾತ್ರವಲ್ಲ, ಮುಂಗಡ ತೋರಿಸುವ ಮನೆಯನ್ನೂ. ಬೋರ್ಡಿಗೆ ಹೆಸರು ಹಾಕುವ ಪದ್ಧತಿ ನಿಲ್ಲಿಸಿದ್ದೇವೆ. ಅದನ್ನು ಸಾಫ್ಟ್‌ವೇರ್ ಬರುವ ಮುಂಚೆಯೇ ನಿಲ್ಲಿಸಬೇಕಿತ್ತು, ಅದರ ತಪ್ಪನ್ನು ಯಂತ್ರದ ತಲೆಗೆ ಕಟ್ಟುವಂತಿಲ್ಲ.

ಅಣ್ಣನ ಲೆಕ್ಕದಿಂದ 2,400 ತೆಗೆದು ತಂಗಿಯ ಲೆಕ್ಕಕ್ಕೆ ಹಾಕಿದೆವು. ಕಾರ್ಯದರ್ಶಿ, ಹುಡುಗ, ನಾನು ಮೂವರೂ ಅವರ ಮನೆಗೆ ಹೋದೆವು. ಹುಡುಗ ಬಾಗಿಲಲ್ಲೇ "ಉಮ್ಮ, ನನ್ನ ತಪ್ಪು" ಎಂದ. ಅವರು ಚಹಾ ಮಾಡಿ ಕೊಟ್ಟರು. ರಸೀದಿಯ ಪ್ಲಾಸ್ಟಿಕ್ ಕವರನ್ನು ಈಗಲೂ ಬಿಸಾಡಿಲ್ಲ, ಹೊಲಿಗೆ ಮೆಶಿನ್ನಿನ ಪಕ್ಕದ ಮೊಳೆಗೆ ಸಿಕ್ಕಿಸಿದ್ದಾರೆ. ಹೊಸ ರಸೀದಿಗಳೂ ಅದರೊಳಗೇ ಹೋಗುತ್ತವೆ.

ಹುಡುಗನಿಗೆ ಈಗ ಹೊಳಲ್ಕೆರೆಯಿಂದ ಒಂದು ಕೆಲಸ ಬಂದಿದೆ, ಅಡಿಕೆ ವ್ಯಾಪಾರದ ನಮ್ಮವರೊಬ್ಬರಿಗೆ ಬಿಲ್ಲಿನ ಸಾಫ್ಟ್‌ವೇರ್. ಮೊನ್ನೆ ಸಿಕ್ಕಾಗ ಎಷ್ಟು ಬರೆದೆ ಎಂದು ಕೇಳಿದೆ. "ಇನ್ನೂ ಒಂದು ಸಾಲೂ ಬರೆದಿಲ್ಲ ಉಸ್ತಾದ್. ಎರಡು ದಿನದಿಂದ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೇನೆ. ತೂಕದಲ್ಲಿ ಚೀಲದ ತೂಕ ಕಳೆಯುತ್ತಾರೆ, ಒದ್ದೆ ಚೀಲಕ್ಕೆ ಬೇರೆ ಲೆಕ್ಕ, ಪರಿಚಯದವರಿಗೆ ಬೇರೆ. ಅದನ್ನೆಲ್ಲ ಬರೆದುಕೊಳ್ಳುತ್ತಿದ್ದೇನೆ" ಎಂದ. ಪರಿಚಯದವರಿಗೆ ಬೇರೆ ಯಾಕೆ ಎಂದು ಅಂಗಡಿಯವರನ್ನು ಕೇಳಿದೆಯಾ ಎಂದೆ. ಕೇಳಿದನಂತೆ. ಅವರು ಇನ್ನೂ ಉತ್ತರ ಹೇಳಿಲ್ಲವಂತೆ.